ತಂತಿ ತಲುಪದ ಪೋಡಿಗೆ ಸೂರ್ಯನ ಬೆಳಕು

ಚಾಮರಾಜನಗರ ಜಿಲ್ಲೆಯ ಹನೂರು ತಾಲೂಕಿನ ಇಂಡಿಗನತ್ತ ಎಂಬ ಕಾಡಂಚಿನ ಊರು 2024ರ ಏಪ್ರಿಲ್ 26ರಂದು ಇದ್ದಕ್ಕಿದ್ದಂತೆ ಸುದ್ದಿಯಾಯಿತು. ಅಂದು ಲೋಕಸಭಾ ಚುನಾವಣೆಯ ಮತದಾನ. ರಸ್ತೆ, ನೀರು, ವಿದ್ಯುತ್ ಮುಂತಾದ ಮೂಲಸೌಕರ್ಯಗಳಿಲ್ಲವೆಂದು ಬಹಿಷ್ಕಾರದ ನಿರ್ಧಾರವಾಗಿತ್ತು. ಮನವೊಲಿಸುವ ಪ್ರಯತ್ನ ಮಾತಿನ ಚಕಮಕಿಗೆ, ಅದು ಕಲ್ಲುತೂರಾಟಕ್ಕೆ ತಿರುಗಿ ಮತಯಂತ್ರವೇ ಪುಡಿಯಾಯಿತು. ಏಪ್ರಿಲ್ 29ರಂದು ಅಲ್ಲಿ ಮರುಮತದಾನ ನಡೆಯಿತು. ಈ ಮತಗಟ್ಟೆಗೆ ಸೇರಿದ್ದ ಇನ್ನೊಂದು ಊರು ಮೆಂದಾರೆ, ಸೋಲಿಗ ಗಿರಿಜನರ ನೆಲೆ.

ನಡೆದ ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನ ಕಳೆದ ಮೇಲೂ ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ನಾಗರಹೊಳೆ, ಕಾಕನಕೋಟೆ ಭಾಗದ ಕಾಡಿನ ಮಕ್ಕಳು ಬೆಳಕಿಗಾಗಿ, ಒಂದು ಫೋನ್ ಕರೆಗಾಗಿ ಹಂಬಲಿಸುವ ಸ್ಥಿತಿ ಏಕೆ ಬಂತು ಎಂಬ ಪ್ರಶ್ನೆಯನ್ನು ಆ ಘಟನೆ ಎತ್ತಿದ್ದಂತೂ ನಿಜ. ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಕಾಡಿನ ಕಾನೂನು, ಸೂರ್ಯನ ಶಕ್ತಿ ಮತ್ತು ಬ್ಯಾಂಕಿನ ಸಾಲ ಈ ಮೂರೂ ಒಂದೇ ದಾರಿಯಲ್ಲಿ ಸಿಗುತ್ತವೆ.

ಲೆಕ್ಕದಲ್ಲಿ ಬೆಳಕು, ಮನೆಯಲ್ಲಿ ಕತ್ತಲು

ದೇಶದ ಎಲ್ಲ ಹಳ್ಳಿಗಳಿಗೂ ವಿದ್ಯುತ್ ತಲುಪಿತೆಂದು ಕೇಂದ್ರ ಸರಕಾರ 2018ರ ಏಪ್ರಿಲ್‌ನಲ್ಲಿ ಘೋಷಿಸಿತು. ಅಂದಿನ ವ್ಯಾಖ್ಯೆಯಂತೆ ಒಂದು ಗ್ರಾಮದ ಶಾಲೆ, ಪಂಚಾಯಿತಿ, ಆರೋಗ್ಯ ಕೇಂದ್ರದಂಥ ಸಾರ್ವಜನಿಕ ಸ್ಥಳಗಳಿಗೂ ನೂರರಲ್ಲಿ ಹತ್ತು ಮನೆಗಳಿಗೂ ಸಂಪರ್ಕ ಸಿಕ್ಕಿದರೆ ಅದು 'ವಿದ್ಯುದೀಕೃತ ಗ್ರಾಮ'. ಉಳಿದ ತೊಂಬತ್ತು ಮನೆ ಕತ್ತಲಲ್ಲಿದ್ದರೂ ಲೆಕ್ಕದಲ್ಲಿ ಬೆಳಕೇ. ಇನ್ನು ಸೋಲಿಗರ ವಸತಿಗೆ 'ಪೋಡು' ಎನ್ನುತ್ತಾರೆ. ಇಪ್ಪತ್ತು ಮೂವತ್ತು ಗುಡಿಸಲುಗಳ ಪೋಡು ಅನೇಕ ಕಡೆ ಕಂದಾಯ ಗ್ರಾಮವೇ ಅಲ್ಲ. ದಾಖಲೆಯಲ್ಲಿ ಊರಿಲ್ಲದ ಮೇಲೆ ಊರಿಗೆ ಬೆಳಕು ಬಂತೋ ಇಲ್ಲವೋ ಎಂದು ಕೇಳುವವರು ಯಾರು?

ರಾಜ್ಯದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆಯಡಿ ಮನೆಗಳಿಗೆ ತಿಂಗಳಿಗೆ 200 ಯುನಿಟ್‌ವರೆಗೆ ಉಚಿತ ವಿದ್ಯುತ್ ನೀಡುವ ವ್ಯವಸ್ಥೆ ಬಂತು. ಪಟ್ಟಣದ ಮಧ್ಯಮ ವರ್ಗದವರಿಗೂ ಇದರಿಂದ ಬಿಲ್ಲಿನ ಹೊರೆ ಇಳಿಯಿತು. ಆದರೆ ಮೀಟರೇ ಇಲ್ಲದ ಮನೆಗೆ ಉಚಿತ ಯುನಿಟ್ ಎಲ್ಲಿಂದ ಬರಬೇಕು? ಊಟದ ಪಂಕ್ತಿಯಲ್ಲಿ ಎಲೆಯನ್ನೇ ಹಾಕದವನಿಗೆ ಪಾಯಸ ಬಡಿಸಿದಂತೆ ಇದು.

ಕಾಡಿಗೂ ನಾಡಿಗೂ ನಡುವೆ

ಸೋಲಿಗರ ಸಂಖ್ಯೆ ಕರ್ನಾಟಕದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರ. ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಕಲ್ಲುಪಾಚಿ ಸಂಗ್ರಹ ಅವರ ಜೀವನಾಧಾರ. ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಡಿನ ನೆರಳಲ್ಲೇ ಕಾಫಿ ಬೆಳೆಯುವ ಸೋಲಿಗರೂ ಇದ್ದಾರೆ. ಅಲ್ಲಿನ ದೊಡ್ಡಸಂಪಿಗೆ ಮರ ಅವರ ಪಾಲಿಗೆ ದೇವರ ನೆಲೆ.

ಈ ಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಯಿತು. ವನ್ಯಜೀವಿಗಳಿಗೆ ರಕ್ಷಣೆ ಸಿಕ್ಕಿತು, ಸರಿ. ಆದರೆ ಸೋಲಿಗರ ಬೇಸಾಯ, ಬೇಟೆ, ಓಡಾಟ ಎಲ್ಲಕ್ಕೂ ಕಡಿವಾಣ ಬಿತ್ತು. 2006ರಲ್ಲಿ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದೂ ನಿಂತುಹೋಯಿತು. 2011ರ ಆರಂಭದಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು.

ಇದಕ್ಕೂ ಬಹಳ ಮೊದಲೇ, 1981ರಲ್ಲಿ, ಡಾ. ಎಚ್. ಸುದರ್ಶನ್ ಅವರು ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ವೈದ್ಯರಾಗಿ ಬಂದವರು ಶಾಲೆ, ಸಂಘಟನೆ, ಹಕ್ಕಿನ ಹೋರಾಟದವರೆಗೂ ಸೋಲಿಗರ ಜತೆ ನಡೆದರು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂದವು. ಅವರ ಆಸ್ಪತ್ರೆಯ ಕೆಲಸ ಹೊರನಾಡ ಕನ್ನಡಿಗರಿಗೂ ಪರಿಚಿತವೇ. ಸೋಲಿಗರು ತಮ್ಮದೇ ಅಭಿವೃದ್ಧಿ ಸಂಘ ಕಟ್ಟಿ ಕಾನೂನಿನ ದಾರಿಯಲ್ಲಿ ಗೆದ್ದ ಕಥೆ ಅಷ್ಟಾಗಿ ತಿಳಿದಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರು ತಮ್ಮ ಪವಿತ್ರ ತಾಣಗಳ, ಸಂಗ್ರಹದ ಜಾಗಗಳ ನಕ್ಷೆ ತಯಾರಿಸಿ ಅರ್ಜಿ ಹಾಕಿದರು. 2011ರ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು ಎಂಬುದು ಗಮನಾರ್ಹ.

ಕಾನೂನಿನಲ್ಲೇ ಇದೆ ಬೆಳಕಿನ ದಾರಿ

'ಕಾಡಿನೊಳಗೆ ಏನನ್ನೂ ಮಾಡುವಂತಿಲ್ಲ' ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಇದು ಪೂರ್ತಿ ನಿಜವಲ್ಲ. ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ 13 ಬಗೆಯ ಸೌಕರ್ಯಗಳಿಗೆ ಅರಣ್ಯ ಭೂಮಿ ಬಳಸಲು ಅವಕಾಶ ಕೊಡುತ್ತದೆ. ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕುಡಿಯುವ ನೀರು, ರಸ್ತೆಗಳ ಜತೆಗೆ ವಿದ್ಯುತ್ ಮತ್ತು ದೂರಸಂಪರ್ಕ ತಂತಿ ಹಾಗೂ ಅಸಾಂಪ್ರದಾಯಿಕ ಇಂಧನ ಮೂಲಗಳನ್ನೂ ಅದರಲ್ಲಿ ಹೆಸರಿಸಲಾಗಿದೆ. ಷರತ್ತುಗಳು ಮೂರು: ಪ್ರತಿ ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆಯ ಶಿಫಾರಸು ಇರಬೇಕು.

ಹಾಗಿದ್ದರೂ ದಟ್ಟ ಕಾಡಿನಲ್ಲಿ ಕಂಬ ನೆಟ್ಟು ತಂತಿ ಎಳೆಯುವುದು ಸುಲಭವಲ್ಲ. ಕಿಲೋಮೀಟರುಗಟ್ಟಲೆ ತಂತಿ ಎಳೆದು ಇಪ್ಪತ್ತು ಮನೆಗೆ ಬೆಳಕು ಕೊಡುವುದು ವಿದ್ಯುತ್ ನಿಗಮಕ್ಕೆ ನಷ್ಟದ ಬಾಬ್ತು. ಮಳೆಗಾಲದಲ್ಲಿ ಮರ ಬಿದ್ದರೆ ವಾರಗಟ್ಟಲೆ ಕತ್ತಲು. ಜೋತುಬಿದ್ದ ತಂತಿ ತಗುಲಿ ಆನೆಗಳು ಸತ್ತ ಉದಾಹರಣೆಗಳೂ ಇವೆ. ಸೌರಫಲಕಕ್ಕೆ ಇದಾವುದರ ಗೊಡವೆ ಇಲ್ಲ. ಅದು ಮನೆಯ ಸೂರಿನ ಮೇಲೆಯೇ ಕೂರುತ್ತದೆ, ಮರ ಕಡಿಯಬೇಕಾಗಿಲ್ಲ, ಆನೆಗೂ ಅಪಾಯವಿಲ್ಲ.

ದೂರದ ಈಕ್ವೆಡಾರ್ ದೇಶದ ಅಮೆಜಾನ್ ಕಾಡಿನಲ್ಲಿ ಅಚುವಾರ್ ಎಂಬ ಮೂಲನಿವಾಸಿಗಳೂ ಇದೇ ದಾರಿ ಹಿಡಿದಿದ್ದಾರೆ. ರಸ್ತೆ ಬಂದರೆ ಅದರ ಹಿಂದೆ ಮರಗಳ್ಳರೂ ತೈಲ ಕಂಪನಿಗಳೂ ಬರುತ್ತಾರೆಂಬುದು ಅವರ ಭಯ. ನದಿಯೇ ಅವರ ರಸ್ತೆ. ಪೇಟೆಯಿಂದ ತರುವ ಪೆಟ್ರೋಲ್ ಅಲ್ಲಿ ಬಲು ದುಬಾರಿ. 2017ರಿಂದ ಸೌರಫಲಕದ ಚಾವಣಿಯ ದೋಣಿಗಳು ಅವರ ಊರುಗಳ ನಡುವೆ ಓಡಾಡತೊಡಗಿದವು. ಕಾಡು ಕೆಡದಂತೆ ಸೌಕರ್ಯ ಬೇಕೆಂಬ ಬಯಕೆಯಲ್ಲಿ ಅಚುವಾರರಿಗೂ ಸೋಲಿಗರಿಗೂ ಹೆಚ್ಚು ಅಂತರವಿಲ್ಲ.

ಒಂದು ಮನೆಯ ಲೆಕ್ಕ

ಸೌರದೀಪದ ವ್ಯವಸ್ಥೆ ಬಲು ಸರಳ. ಬಿಸಿಲನ್ನು ವಿದ್ಯುತ್ತಾಗಿಸುವ ಫಲಕ, ಅದನ್ನು ಕೂಡಿಡುವ ಬ್ಯಾಟರಿ, ಬ್ಯಾಟರಿ ಅತಿಯಾಗಿ ತುಂಬದಂತೆ, ಪೂರ್ತಿ ಬರಿದಾಗದಂತೆ ಕಾಯುವ ಚಾರ್ಜ್ ಕಂಟ್ರೋಲರ್, ಕೊನೆಗೆ ಎಲ್‌ಇಡಿ ಬಲ್ಬು. 40 ವ್ಯಾಟಿನ ಫಲಕಕ್ಕೆ ದಿನಕ್ಕೆ ಐದು ಗಂಟೆ ಒಳ್ಳೆಯ ಬಿಸಿಲು ಬಿದ್ದರೆ 200 ವ್ಯಾಟ್-ಗಂಟೆ ವಿದ್ಯುತ್ ಸಿಗುತ್ತದೆ. ಸೋರಿಕೆ ಕಳೆದು 150 ಎಂದಿಟ್ಟುಕೊಳ್ಳೋಣ. 5 ವ್ಯಾಟಿನ ಮೂರು ಬಲ್ಬು ಐದು ಗಂಟೆ ಉರಿದರೆ 75, ಎರಡು ಮೊಬೈಲ್ ಚಾರ್ಜ್ ಮಾಡಿದರೆ ಸುಮಾರು 30. ಇನ್ನೂ ಸ್ವಲ್ಪ ಉಳಿಯುತ್ತದೆ, ಸಣ್ಣ ರೇಡಿಯೋಕ್ಕೆ ಸಾಕು.

ಆದರೆ ಕಾಡಿನಲ್ಲಿ ಎಲ್ಲ ದಿನವೂ ಒಂದೇ ರೀತಿ ಇರುವುದಿಲ್ಲ. ಮಳೆಗಾಲದ ಮೋಡದಲ್ಲಿ ಆದಾಯ ಮೂರನೇ ಒಂದು ಭಾಗಕ್ಕೆ ಇಳಿಯಬಹುದು. ಫಲಕದ ಮೇಲೆ ಮರದ ನೆರಳು ಒಂದು ಮೂಲೆಗೆ ಬಿದ್ದರೂ ವಿದ್ಯುತ್ ಬಹಳವಾಗಿ ಕುಗ್ಗುತ್ತದೆ. ಹೀಗಾಗಿ ಸೂರಿನ ಮೇಲೆ ಬಿಸಿಲು ಬೀಳದ ಮನೆಗೆ ಫಲಕವನ್ನು ಬಯಲಲ್ಲಿ ಕಂಬದ ಮೇಲೆ ನಿಲ್ಲಿಸಬೇಕಾಗುತ್ತದೆ. ಸೀಸ-ಆಮ್ಲದ ಬ್ಯಾಟರಿಗೆ ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಚೆನ್ನಾಗಿ ನೋಡಿಕೊಂಡರೂ ಮೂರರಿಂದ ಐದು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಫಲಕ ಮಾತ್ರ ಇಪ್ಪತ್ತೈದು ವರ್ಷ ಬಾಳುತ್ತದೆ.

ಅನೇಕ ಉದಾರ ಯೋಜನೆಗಳು ಮುಗ್ಗರಿಸುವುದು ಇಲ್ಲಿಯೇ. ಉದ್ಘಾಟನೆಯ ದಿನ ದೀಪ ಝಗಮಗಿಸುತ್ತದೆ, ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ನಾಲ್ಕನೇ ವರ್ಷ ಬ್ಯಾಟರಿ ಸತ್ತಾಗ ಕೇಳುವವರಿಲ್ಲ. ಫಲಕ ಮೇಲೆ ಬಿಸಿಲು ಕಾಯುತ್ತಿರುತ್ತದೆ, ಕೆಳಗೆ ಮತ್ತೆ ಸೀಮೆಎಣ್ಣೆ ಬುಡ್ಡಿ ಉರಿಯುತ್ತಿರುತ್ತದೆ.

ಪಿಗ್ಮಿ ಕಲಿಸಿದ ಪಾಠ

ಈ ಸಮಸ್ಯೆಗೆ ಉತ್ತರವೂ ಕನ್ನಡ ನಾಡಿನಿಂದಲೇ ಬಂತು ಎನ್ನುವುದು ಹೆಮ್ಮೆಯ ಸಂಗತಿ. ಖರಗ್‌ಪುರದ ಐಐಟಿಯಲ್ಲಿ ಓದಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೌರಶಕ್ತಿಯ ಬಗ್ಗೆ ಡಾಕ್ಟರೇಟ್ ಪಡೆದ ಹರೀಶ್ ಹಂದೆ ಅವರು 1995ರಲ್ಲಿ ನೆವಿಲ್ ವಿಲಿಯಮ್ಸ್ ಅವರ ಜತೆಗೂಡಿ ಸೆಲ್ಕೊ ಸಂಸ್ಥೆ ಆರಂಭಿಸಿದರು. ಬಡವರು ಸೌರದೀಪ ಕೊಳ್ಳಲಾರರು, ಕೊಂಡರೂ ಕಾಪಾಡಲಾರರು ಎಂಬ ನಂಬಿಕೆಯನ್ನು ಸುಳ್ಳಾಗಿಸಬೇಕೆಂಬುದು ಅವರ ಹಟ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಅವರ ಕೆಲಸದ ಗುಟ್ಟು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಸಾಲದ ವ್ಯವಸ್ಥೆಯಲ್ಲಿತ್ತು. ಮಲಪ್ರಭಾ ಗ್ರಾಮೀಣ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್‌ಗಳು ಆರಂಭದ ದಿನಗಳಲ್ಲೇ ಸೌರದೀಪಕ್ಕೆ ಸಾಲ ಕೊಡಲು ಮುಂದೆ ಬಂದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಜತೆ ಸೇರಿ ಬಡ್ಡಿಯ ಒಂದು ಭಾಗವನ್ನು ತಾನೇ ಭರಿಸುವ ಯೋಜನೆ ತಂದಿತು. ಕ್ರಮೇಣ ಆ ನೆರವು ಇಳಿದರೂ ಸಾಲ ನಿಲ್ಲಲಿಲ್ಲ. ಹದಿನೆಂಟು ಸಾವಿರಕ್ಕೂ ಹೆಚ್ಚು ಮನೆಗಳು ಇದರಿಂದ ಬೆಳಗಿದವು.

ಸಿಂಡಿಕೇಟ್ ಬ್ಯಾಂಕಿನ ಹೆಸರು ಬಂದಾಗ ಕರಾವಳಿಯವರಿಗೆ ಪಿಗ್ಮಿ ನೆನಪಾಗದೆ ಇರದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಈ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಹೋಗಿ ಠೇವಣಿ ಸಂಗ್ರಹಿಸಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಆ ಹೆಸರು ಮರೆಯಾದರೂ ಪಾಠ ಉಳಿದಿದೆ. ಬಡವನ ಕೈಗೆ ಹಣ ಯಾವಾಗ ಬರುತ್ತದೋ ಆಗಲೇ ಅವನ ಬಾಗಿಲಿಗೆ ಹೋಗಬೇಕು. ಬೀಡಿ ಕಟ್ಟುವವರಿಗೆ, ಮೀನು ಮಾರುವವರಿಗೆ ಅದು ದಿನವೂ ಬರುತ್ತಿತ್ತು, ಎರಡಾಣೆ ಹೊಂದಿತು.

ಕಾಡಿನಲ್ಲಿ ಆದಾಯದ ತಾಳ ಬೇರೆ. ಜೇನಿನ ದುಡ್ಡು ಬೇಸಿಗೆಯ ಕೊನೆಗೆ, ನೆಲ್ಲಿಕಾಯಿ ಹಾಗೂ ಕಾಫಿಯದು ಚಳಿಗಾಲದಲ್ಲಿ. ನಡುವಿನ ತಿಂಗಳುಗಳಲ್ಲಿ ಕೂಲಿ ಸಿಕ್ಕಿದರೆ ಸಿಕ್ಕಿತು. ಸಂಬಳದಾರರಿಗೆ ಹೇಳಿಮಾಡಿಸಿದ ಮಾಸಿಕ ಕಂತನ್ನು ಇವರ ಮೇಲೆ ಹೇರಿದರೆ ಮೂರನೇ ತಿಂಗಳಿಗೆ ಸುಸ್ತಿ ಖಚಿತ. ಆಗ 'ಗಿರಿಜನರು ಸಾಲ ತೀರಿಸುವುದಿಲ್ಲ' ಎಂಬ ಅಪವಾದ ಬೇರೆ. ವರ್ಷಕ್ಕೆ ಎರಡೇ ಕಂತು, ಅದೂ ಸುಗ್ಗಿಯ ನಂತರ ಎಂದಿಟ್ಟರೆ ಅದೇ ಮನೆ ಒಳ್ಳೆಯ ಗ್ರಾಹಕವಾಗುತ್ತದೆ. ರೈತರ ಬೆಳೆ ಸಾಲಕ್ಕೆ ಇರುವ ನಿಯಮವೇ ಇದು, ಹೊಸದೇನೂ ಅಲ್ಲ.

ಜಾಮೀನಿನ ಪ್ರಶ್ನೆಯೂ ಇದೆ. ಅರಣ್ಯ ಹಕ್ಕುಪತ್ರದ ಭೂಮಿಯನ್ನು ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ಹಾಗಾಗಿ ಕೊಂಡ ಉಪಕರಣವನ್ನೇ ಹೈಪಾಥಿಕೇಶನ್ ಮಾಡಿಕೊಳ್ಳುವುದು, ಸ್ವಸಹಾಯ ಸಂಘದ ಹೊಣೆ ಪಡೆಯುವುದು ಉಳಿದ ಮಾರ್ಗ. 2015ರಲ್ಲಿ ರಿಸರ್ವ್ ಬ್ಯಾಂಕು ನವೀಕರಿಸಬಹುದಾದ ಇಂಧನದ ಸಾಲವನ್ನು ಆದ್ಯತಾ ವಲಯಕ್ಕೆ ಸೇರಿಸಿದ್ದರಿಂದ ಬ್ಯಾಂಕುಗಳಿಗೂ ಇದರಲ್ಲಿ ಪ್ರಯೋಜನವಿದೆ.

ರಿಪೇರಿ ಕಲಿತ ಅಜ್ಜಿಯರು

ಹಣ ಒದಗಿದರೂ ಕೆಟ್ಟ ಕಂಟ್ರೋಲರನ್ನು ಸರಿಪಡಿಸಲು ಪೇಟೆಯಿಂದ ಮೆಕ್ಯಾನಿಕ್ ಬರಬೇಕೆಂದರೆ ಕೆಲಸ ಕೆಟ್ಟಿತು. ರಾಜಸ್ಥಾನದ ತಿಲೋನಿಯಾದಲ್ಲಿ 1972ರಲ್ಲಿ ಬಂಕರ್ ರಾಯ್ ಅವರು ಸ್ಥಾಪಿಸಿದ ಬೇರ್‌ಫೂಟ್ ಕಾಲೇಜು ಇದಕ್ಕೆ ದಾರಿ ತೋರಿಸಿದೆ. ಅಕ್ಷರ ಬಾರದ ಹಳ್ಳಿಯ ಹೆಂಗಸರಿಗೆ, ಅದರಲ್ಲೂ ಅಜ್ಜಿಯರಿಗೆ, ಬಣ್ಣ ಮತ್ತು ಸನ್ನೆಯ ಮೂಲಕವೇ ಸೌರ ಉಪಕರಣ ಜೋಡಿಸುವುದನ್ನೂ ರಿಪೇರಿಯನ್ನೂ ಅಲ್ಲಿ ಕಲಿಸುತ್ತಾರೆ. ಭಾರತ ಸರಕಾರದ ನೆರವಿನಿಂದ ಆಫ್ರಿಕದ ಅನೇಕ ದೇಶಗಳ ಅಜ್ಜಿಯರೂ ಇಲ್ಲಿಗೆ ಬಂದು ಕಲಿತು ಹೋಗಿದ್ದಾರೆ. ಅಜ್ಜಿಯರೇ ಏಕೆ? ತರುಣರು ಸರ್ಟಿಫಿಕೇಟ್ ಸಿಕ್ಕಿದೊಡನೆ ಪಟ್ಟಣದ ಬಸ್ಸು ಹತ್ತುತ್ತಾರೆ, ಅಜ್ಜಿ ಊರು ಬಿಡುವುದಿಲ್ಲ ಎಂಬುದು ರಾಯ್ ಅವರ ಉತ್ತರ. ಊರು ಬಿಟ್ಟು ಬಂದು ಹೋಟೆಲು, ಮಿಲ್ಲು, ಕಚೇರಿಗಳಲ್ಲಿ ಬದುಕು ಕಟ್ಟಿಕೊಂಡ ಹೊರನಾಡಿನವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಮಾತು ತಲುಪಬೇಕು

ಬೆಳಕು ಬಂದರೆ ಅರ್ಧ ಕೆಲಸವಾದಂತೆ. ಉಳಿದರ್ಧ ಸಂಪರ್ಕದ್ದು. ಸಿಗ್ನಲ್ಲಿಗಾಗಿ ಗುಡ್ಡ ಹತ್ತುವುದು ಕಾಡಂಚಿನ ಊರುಗಳಲ್ಲಿ ಸಾಮಾನ್ಯ ದೃಶ್ಯ. ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾದದ್ದು 2008ರಲ್ಲಿ. ಆದರೆ ಹೆರಿಗೆ ನೋವು ಬಂದ ಹೊತ್ತಿನಲ್ಲಿ, ಹಾವು ಕಚ್ಚಿದ ರಾತ್ರಿಯಲ್ಲಿ ಆ ಮೂರು ಅಂಕಿ ಒತ್ತಲು ನೆಟ್‌ವರ್ಕ್ ಬೇಡವೇ? ಕಾಡಾನೆ ಓಡಾಡುವ ದಾರಿಯಲ್ಲಿ ಕತ್ತಲಲ್ಲಿ ಗುಡ್ಡ ಹತ್ತುವವರು ಯಾರು?

ಹಿಂದೆ ಫೋನು ಮಾತಿಗೆ ಮಾತ್ರ ಬೇಕಿತ್ತು. ಈಗ ಅನ್ನಕ್ಕೂ ಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿದರೆ ಅದು ಸರ್ವರಿಗೆ ಮುಟ್ಟಬೇಕು, ಆಮೇಲೆಯೇ ಅಕ್ಕಿ. 2023ರ ಜನವರಿಯಲ್ಲಿ ಉದ್ಯೋಗ ಖಾತರಿ ಕೆಲಸದ ಹಾಜರಿಯೂ ಮೊಬೈಲ್ ಆ್ಯಪ್‌ನಲ್ಲೇ ಆಗಬೇಕೆಂದು ಕಡ್ಡಾಯವಾಯಿತು. 2020ರ ಕೊರೊನಾ ಕಾಲದಲ್ಲಿ ಪಾಠವೂ ಮೊಬೈಲಿಗೆ ಬಂದು ಕಾಡಿನ ಮಕ್ಕಳು ಪಾಠದಿಂದಲೇ ದೂರವಾದರು. ಪಟ್ಟಣದಲ್ಲಿ ನೆಟ್‌ವರ್ಕ್ ಹೋದರೆ ಬೇಸರವಾಗುತ್ತದೆ, ಪೋಡಿನಲ್ಲಿ ಕೂಲಿ ಹೋಗುತ್ತದೆ.

ಕೇಂದ್ರ ಸರಕಾರ 2022ರ ಜುಲೈಯಲ್ಲಿ 24,680 ಸಂಪರ್ಕವಿಲ್ಲದ ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ನೀಡಿತು. 2023ರ ನವೆಂಬರ್ 15ರಂದು ಬಿರ್ಸಾ ಮುಂಡಾ ಜಯಂತಿಯ ದಿನ ಆರಂಭವಾದ ಪಿಎಂ-ಜನ್‌ಮನ್ ಯೋಜನೆಯಲ್ಲಿ 75 ಅತಿ ದುರ್ಬಲ ಬುಡಕಟ್ಟುಗಳಿಗೆ ಮನೆ, ರಸ್ತೆ, ನೀರಿನ ಜತೆಗೆ ತಂತಿ ತಲುಪದ ಮನೆಗಳಿಗೆ ಸೌರದೀಪ ಮತ್ತು ಮೊಬೈಲ್ ಗೋಪುರಗಳೂ ಸೇರಿವೆ. ಕರ್ನಾಟಕದಿಂದ ಈ ಪಟ್ಟಿಯಲ್ಲಿರುವುದು ಜೇನುಕುರುಬರು ಮತ್ತು ದಕ್ಷಿಣ ಕನ್ನಡ, ಉಡುಪಿಯ ಕೊರಗರು. ಸೋಲಿಗರು ಆ ಪಟ್ಟಿಯಲ್ಲಿಲ್ಲ. ಅಂದರೆ ಒಂದೇ ಕಾಡಿನ ಅಕ್ಕಪಕ್ಕದ ಹಾಡಿ ಮತ್ತು ಪೋಡುಗಳಲ್ಲಿ ಒಂದಕ್ಕೆ ಯೋಜನೆ ಅನ್ವಯಿಸಿ ಇನ್ನೊಂದಕ್ಕೆ ಅನ್ವಯಿಸದೆ ಹೋಗಬಹುದು.

ಗೋಪುರ ಬರುವ ತನಕ ಕಾಯಬೇಕಾಗಿಲ್ಲ ಎಂಬುದನ್ನು ಸರಗೂರಿನ 'ಜನಧ್ವನಿ' ತೋರಿಸಿಕೊಟ್ಟಿದೆ. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಲ್ಲಿ ಈ ಸಮುದಾಯ ಬಾನುಲಿಯನ್ನು ಆರಂಭಿಸಿತು. ಸಮುದಾಯ ಬಾನುಲಿಗೆ ಸರಕಾರ ಅನುಮತಿಸುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್. ಹತ್ತು ಹದಿನೈದು ಕಿಲೋಮೀಟರ್ ಸುತ್ತಳತೆಗೆ ಅದು ಕೇಳಿಸುತ್ತದೆ. ಕೇಳಲು ಇಂಟರ್‌ನೆಟ್ ಬೇಡ, ರೀಚಾರ್ಜ್ ಬೇಡ, ಓದಲು ಬರೆಯಲು ಬರಬೇಕೆಂದೂ ಇಲ್ಲ.

ಛತ್ತೀಸ್‌ಗಢದಲ್ಲಿ ಪತ್ರಕರ್ತ ಶುಭ್ರಾಂಶು ಚೌಧರಿ ಅವರು 2010ರಲ್ಲಿ ಆರಂಭಿಸಿದ ಸಿಜಿನೆಟ್ ಸ್ವರ ಇನ್ನೊಂದು ಮಾದರಿ. ಆದಿವಾಸಿಗಳು ಸಾಧಾರಣ ಫೋನಿನಿಂದ ಕರೆ ಮಾಡಿ ತಮ್ಮ ಊರಿನ ಸುದ್ದಿ, ಅಹವಾಲುಗಳನ್ನು ತಮ್ಮ ನುಡಿಯಲ್ಲೇ ದಾಖಲಿಸುತ್ತಾರೆ, ಬೇರೆಯವರದನ್ನು ಕೇಳುತ್ತಾರೆ. ಕೈಪಂಪು ಕೆಟ್ಟಿದ್ದು, ಕೂಲಿ ಬಾರದ್ದು ಸಂಬಂಧಪಟ್ಟ ಅಧಿಕಾರಿಯ ಕಿವಿಗೆ ಬಿದ್ದು ಎಷ್ಟೋ ಸಮಸ್ಯೆಗಳು ಬಗೆಹರಿದಿವೆ. ಇಂಡಿಗನತ್ತದಲ್ಲಿ ಕಲ್ಲಿನ ಮೂಲಕ ಹೊರಬಿದ್ದ ಮಾತು ಇಂಥ ಒಂದು ದಾರಿ ಇದ್ದಿದ್ದರೆ ಮೊದಲೇ ಕೇಳಿಸುತ್ತಿತ್ತೇನೋ.

ಸಂಘಗಳು ಮಾಡಬಹುದಾದದ್ದು

ಹೊರನಾಡ ಕನ್ನಡ ಸಂಘಗಳು ಊರಿನ ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಗೆ ಕೈಯೆತ್ತಿ ಕೊಡುವುದರಲ್ಲಿ ಎಂದೂ ಹಿಂದೆ ಬಿದ್ದವಲ್ಲ. ಬೆಳ್ಳಿಹಬ್ಬ, ಸುವರ್ಣ ಮಹೋತ್ಸವಗಳ ನೆನಪಿಗೆ ಒಂದು ಪೋಡಿಗೋ ಹಾಡಿಗೋ ಕೊರಗರ ಕಾಲನಿಗೋ ಬೆಳಕು ಕೊಡುವ ಮನಸ್ಸು ಮಾಡುವ ಸಂಘಗಳು ಕೆಲವು ವಿಷಯಗಳನ್ನು ಗಮನದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಮೊದಲನೆಯದು, ಗ್ರಾಮಸಭೆಯ ಠರಾವು. ಅಲ್ಲಿನವರು ಕೇಳಿದ್ದನ್ನೇ ಕೊಡಬೇಕು. ಅವರಿಗೆ ಮನೆದೀಪಕ್ಕಿಂತ ಮೊದಲು ಆನೆ ಬರುವ ದಾರಿಗೊಂದು ಬೀದಿದೀಪ ಬೇಕಿರಬಹುದು.

ಎರಡನೆಯದು, ಬ್ಯಾಟರಿ ನಿಧಿ. ಪ್ರತಿ ಮನೆಯಿಂದ ತಿಂಗಳಿಗೆ ಸರಾಸರಿ 50 ರೂಪಾಯಿಯಂತೆ, ಸುಗ್ಗಿಯಲ್ಲಿ ಹೆಚ್ಚು ಉಳಿದಾಗ ಕಡಿಮೆ ಕೊಡುವ ಅವಕಾಶದೊಂದಿಗೆ ಕೂಡಿಟ್ಟರೂ ನಾಲ್ಕು ವರ್ಷಕ್ಕೆ ಮನೆಗೆ 2,400 ರೂಪಾಯಿ, 30 ಮನೆಯ ಪೋಡಿಗೆ 72,000 ರೂಪಾಯಿ ಆಗುತ್ತದೆ. ಸಂಘ ಅಷ್ಟೇ ಮೊತ್ತವನ್ನು ತನ್ನ ಪಾಲಾಗಿ ಸೇರಿಸಿ ಜಂಟಿ ಖಾತೆಯಲ್ಲಿ ಇಟ್ಟರೆ ನಾಲ್ಕನೇ ವರ್ಷದ ಕತ್ತಲು ತಪ್ಪುತ್ತದೆ. ದಾನದ ಹಣವನ್ನೆಲ್ಲ ಮೊದಲ ದಿನವೇ ಖರ್ಚು ಮಾಡದೆ ಒಂದು ಭಾಗವನ್ನು ಠೇವಣಿ ಇಡುವುದು ಸಂಘದ ಖಜಾಂಚಿಗಳಿಗೆ ಹೊಸ ವಿದ್ಯೆಯೇನಲ್ಲ.

ಮೂರನೆಯದು, ಅಲ್ಲಿನ ಇಬ್ಬರಿಗಾದರೂ ರಿಪೇರಿ ತರಬೇತಿ, ಅವರಿಗೆ ನಿಧಿಯಿಂದ ಸಣ್ಣ ಸಂಭಾವನೆ.

ಊರು ದೂರವಾಯಿತು ಎನ್ನುವವರಿಗೆ ಹತ್ತಿರದಲ್ಲೂ ಕೆಲಸವಿದೆ. ಮುಂಬಯಿ, ಠಾಣೆ, ರಾಯಗಡ, ಪುಣೆಯ ಸುತ್ತಲ ಬೆಟ್ಟಗಳ ಕಾತಕರಿಗಳು, ತೆಲಂಗಾಣದ ನಲ್ಲಮಲೆಯ ಚೆಂಚುಗಳು, ತಮಿಳುನಾಡಿನ ಇರುಳರು ಇದೇ 75 ಬುಡಕಟ್ಟುಗಳ ಪಟ್ಟಿಯಲ್ಲಿರುವವರು. ಅನ್ನ ಕೊಟ್ಟ ನೆಲದ ಋಣವನ್ನೂ ಹೀಗೆ ತೀರಿಸಬಹುದು.

ಸೂರ್ಯ ಪೋಡು, ಪಟ್ಟಣ ಎಂದು ನೋಡದೆ ಎಲ್ಲರ ಸೂರಿಗೂ ಸಮನಾಗಿ ಬೀಳುತ್ತಾನೆ. ಆ ಬೆಳಕನ್ನು ರಾತ್ರಿಗೂ ಉಳಿಸಿಕೊಳ್ಳಲು ಬೇಕಾದ ಒಂದು ಬ್ಯಾಟರಿ, ಒಂದು ಪಾಸ್‌ಬುಕ್ಕು, ರಿಪೇರಿ ಬಲ್ಲ ಒಂದು ಕೈ ಮನುಷ್ಯರೇ ಒದಗಿಸಬೇಕಾದವು.